ಬೆರಳ ಕೆಳಗೆ ನಿಂತ ನಾಡಿ

ಚಂದನಾಳ ಎಡಗಾಲಿನ ನಾಡಿ ನಿಂತದ್ದು ನನಗೆ ಗೊತ್ತಿತ್ತು. ಯಾವ ಡಾಕ್ಟರೂ ಅವಳನ್ನು ನೋಡುವುದಕ್ಕೆ ಹತ್ತು ತಿಂಗಳು ಮೊದಲೇ, ನನ್ನ ಈ ಎರಡು ಬೆರಳುಗಳ ಕೆಳಗೇ ಅದು ನಿಂತಿತ್ತು — ಒಂದು ಸಲವಲ್ಲ, ಮೂರು ಸಲ. ಗೊತ್ತಿದ್ದೂ ನಾನು ಆ ಹುಡುಗಿಗೆ ಹೇಳಲಿಲ್ಲ. ಅವಳ ತಾಯಿಗೂ ಹೇಳಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿ ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳಿಗೆ ಶಾಲು ಹೊದೆಸಿಕೊಂಡು ಒಂಬತ್ತು ವರ್ಷ ತಲೆಯೆತ್ತಿ ಓಡಾಡಿದೆ.

ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. ಖೋ-ಖೋ ಹುಡುಗಿಯ ಕಾಲು ಉಳಿಸಿದ ಕಥೆಯನ್ನು ನೀವೇ ಬರೆದುಕೊಡಬೇಕು ಎಂದು ಮನೆಗೇ ಬಂದು ಕೇಳಿದರು. ಬರೆದುಕೊಡುತ್ತಿದ್ದೇನೆ. ಅವರು ಕೇಳಿದ ಕಥೆ ಇದಲ್ಲ; ಆದರೆ ನಡೆದದ್ದು ಇದು. ಅಚ್ಚು ಹಾಕುವುದಾದರೆ ಒಂದು ಸಾಲೂ ತೆಗೆಯದೆ ಹಾಕಬೇಕು ಎಂದು ಅವರಲ್ಲಿ ಕೇಳಿಕೊಂಡಿದ್ದೇನೆ.

ನಾನು ಹೆಮ್ಮೆಯ ಮನುಷ್ಯ. ಅದನ್ನು ಮುಚ್ಚಿಡುವುದಿಲ್ಲ, ಮುಚ್ಚಿಟ್ಟರೂ ನನ್ನ ಬಳಿ ಕಲಿತವರು ನಕ್ಕುಬಿಡುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಕೊರಳಲ್ಲಿ ಸೀಟಿ, ತಲೆಗೆ ಟೋಪಿ, ಮೀಸೆಗೆ ವಾರಕ್ಕೊಮ್ಮೆ ಎಣ್ಣೆ. ಗಣಿತದ ಮೇಷ್ಟ್ರು ಮಳೆ ಬಂದರೆ ಆಟದ ಪೀರಿಯಡ್ಡನ್ನು ತಮಗೆ ಕೊಡಿ ಎಂದು ಕೇಳುತ್ತಿದ್ದರು. ನಾನು ಮಳೆಯಲ್ಲೇ ಮಕ್ಕಳನ್ನು ಮೈದಾನಕ್ಕೆ ಇಳಿಸುತ್ತಿದ್ದೆ. ನಮ್ಮ ಶಾಲೆಯ ಹೆಣ್ಣುಮಕ್ಕಳ ಖೋ-ಖೋ ತಂಡ ಬಂತೆಂದರೆ ಹುಣಸೂರು, ಕೆ.ಆರ್. ನಗರದ ತಂಡಗಳ ಮೇಷ್ಟ್ರುಗಳು ಪಕ್ಕಕ್ಕೆ ಬಂದು, ಏನು ತಿನ್ನಿಸುತ್ತೀರಿ ಸ್ವಾಮಿ ಎಂದು ಕೇಳುತ್ತಿದ್ದರು. ರಾಗಿಮುದ್ದೆ ಮತ್ತು ಬೈಗುಳ ಎನ್ನುತ್ತಿದ್ದೆ.

ಆ ಹೆಮ್ಮೆಗೆ ಒಂದು ಬೇರು ಇತ್ತು. ನಮ್ಮೂರು ಹೊಸ ಅಗ್ರಹಾರದ ಹತ್ತಿರ. ನಮ್ಮಪ್ಪ ಅಲ್ಲಿ ಗರಡಿ ನಡೆಸುತ್ತಿದ್ದ. ಸಂಜೆ ತಾಲೀಮು ಮುಗಿದ ಮೇಲೆ ಪೈಲ್ವಾನರೆಲ್ಲ ಗೋಡೆಗೆ ಒರಗಿ ಸಾಲಾಗಿ ಕಾಲು ಚಾಚಿ ಕೂರಬೇಕು. ಅಪ್ಪ ಆ ಸಾಲಿನ ಉದ್ದಕ್ಕೂ ಕುಕ್ಕರಗಾಲಲ್ಲಿ ಸರಿಯುತ್ತ, ಒಬ್ಬೊಬ್ಬರ ಪಾದದ ಮೇಲೂ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ನಾಡಿ ನೋಡುತ್ತಿದ್ದ. ನಾಡಿ ಇನ್ನೂ ಜೋರಾಗಿ ಓಡುತ್ತಿದ್ದರೆ ಅವನಿಗೆ ಮಾರನೆಯ ದಿನ ಕುಸ್ತಿ ಇಲ್ಲ. "ಮಣಿಕಟ್ಟಿಂದು ಮೋಸ ಮಾಡ್ತದೆ ಕಣ್ಲಾ, ಪಾದದ್ದು ಮಾಡಾಕಿಲ್ಲ," ಎನ್ನುತ್ತಿದ್ದ. ಹತ್ತು ವರ್ಷದವನಿದ್ದಾಗಲೇ ನನ್ನ ಬೆರಳಿಗೂ ಆ ವಿದ್ಯೆ ಬಂದಿತ್ತು. ಅದನ್ನೇ ನಾನು ಶಾಲೆಗೆ ತಂದೆ. ಆಟ ಮುಗಿದ ಮೇಲೆ ಮಕ್ಕಳು ಶಾಲೆಯ ಜಗಲಿಯ ಮೇಲೆ ಕಾಲು ಚಾಚಿ ಕೂರುವುದು, ನಾನು ಸಾಲಿನುದ್ದಕ್ಕೂ ಬೆರಳಿಟ್ಟುಕೊಂಡು ಹೋಗುವುದು — ಬೇರೆ ಯಾವ ಶಾಲೆಯಲ್ಲೂ ಇದು ಇರಲಿಲ್ಲ. ಬೇರೆ ಯಾವ ಪಿ.ಟಿ. ಮೇಷ್ಟ್ರಿಗೂ ಚಂದನಾಳ ಕಾಲು ಹೇಳಿದ್ದು ಕೇಳಿಸುತ್ತಿರಲಿಲ್ಲ. ಕೇಳಿಸಿಕೊಂಡವನು ನಾನೊಬ್ಬನೇ, ಅದಕ್ಕೇ ಈ ತಪ್ಪನ್ನು ಹಂಚಿಕೊಳ್ಳುವುದಕ್ಕೆ ನನಗೆ ಜೊತೆಯವರಿಲ್ಲ.

ಚಂದನಾ ಎಂಟನೇ ಕ್ಲಾಸಿಗೆ ಸೇರಿದಾಗ ಕಡ್ಡಿಯಂತಿದ್ದಳು. ಹೊಗೆಸೊಪ್ಪು ಬೆಳೆಯುವ ಮನೆಯವಳು. ತಂದೆ ಇರಲಿಲ್ಲ, ತಾಯಿ ಜಯಮ್ಮ ಮೂರು ಎಕರೆಯನ್ನು ಒಬ್ಬಳೇ ನಿಭಾಯಿಸುತ್ತಿದ್ದಳು. ಮೊದಲ ದಿನ ಮೈದಾನದಲ್ಲಿ ಆ ಹುಡುಗಿ ತಿರುಗಿದ ರೀತಿ ನೋಡಿ ನಾನು ಬಾಯಲ್ಲಿದ್ದ ಸೀಟಿ ಊದುವುದನ್ನೇ ಮರೆತೆ. ಕಂಬದ ಹತ್ತಿರ ಬಂದು, ಒಂದು ಕೈಯಲ್ಲಿ ಹಿಡಿದು, ಮೈಯನ್ನು ಪೂರ್ತಿ ಆಚೆಗೆ ಚೆಲ್ಲಿ ಓಡುವವಳನ್ನು ಮುಟ್ಟುತ್ತಿದ್ದಳು. ಅದನ್ನು ಯಾರೂ ಕಲಿಸಿರಲಿಲ್ಲ.

ಉಳಿದದ್ದನ್ನು ನಾನು ಕಲಿಸಿದೆ. ಜಗಲಿಯ ಕಲ್ಲಿನ ಅಂಚಿಗೆ ಮುಂಗಾಲು ಮಾತ್ರ ಊರಿ, ಹಿಮ್ಮಡಿ ಗಾಳಿಯಲ್ಲಿ ಬಿಟ್ಟು, ಹೆಗಲ ಮೇಲೆ ಮರಳಿನ ಚೀಲ ಹೊತ್ತು ಎದ್ದು ಇಳಿಯುವುದು — ದಿನಾ ಬೆಳಿಗ್ಗೆ ನೂರು. ಒಂದೂವರೆ ವರ್ಷದಲ್ಲಿ ಅವಳ ಮೀನಖಂಡ ಗಟ್ಟಿಯಾಗಿ, ಲಂಗದ ಕೆಳಗೆ ಎದ್ದು ಕಾಣುವಂತಾಯಿತು. ನಾನು ಅದನ್ನು ಎಲ್ಲರಿಗೂ ತೋರಿಸುತ್ತಿದ್ದೆ. ಶಾಲೆಗೆ ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರಿಗೂ ತೋರಿಸಿದ್ದೆ. "ಓಟ ಅವಳ್ದು, ಕಾಲು ನಂದು," ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹುಡುಗಿ ನಾಚಿಕೊಂಡು ಚೀಲದ ಮರೆಗೆ ಹೋಗುತ್ತಿದ್ದಳು.

ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಅವಳು ಮೊದಲ ಸಲ ಹೇಳಿದಳು. ಮೈದಾನ ಎರಡು ಸುತ್ತು ಬರುವವರೆಗೆ ಏನೂ ಇಲ್ಲ, ಮೂರನೆಯ ಸುತ್ತಿಗೆ ಎಡಗಾಲಿನ ಮೀನಖಂಡ ಕಲ್ಲಾಗುತ್ತದೆ, ಪಾದ ಜೋಮು ಹಿಡಿಯುತ್ತದೆ, ಐದು ನಿಮಿಷ ಕೂತರೆ ಎಲ್ಲ ಸರಿಹೋಗುತ್ತದೆ. ಬಿಸಿನೀರು ಹಾಕಿಕೋ ಎಂದೆ. ವಾರ ಬಿಟ್ಟು ಮತ್ತೆ ಹೇಳಿದಳು. ಎಳ್ಳೆಣ್ಣೆ ಹಚ್ಚಿ ನೀವಿಸಿಕೋ ಎಂದೆ. ಮೂರನೆಯ ಸಲ ಹೇಳಿದಾಗ ಉಳುಕಿರಬೇಕು ಎಂದು ನಾನೇ ಒಂದು ಸಲ ಎಳೆದೆ. ಓಡುವಾಗ ಬಂದು, ಕೂತರೆ ಹೋಗಿಬಿಡುವ ನೋವು. ಅಂಥ ನೋವಿಗೆ ಪಿ.ಟಿ. ಮೇಷ್ಟ್ರುಗಳು ಇಟ್ಟಿರುವ ಹೆಸರು ಏನೆಂದು ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು.

ನಾಲ್ಕನೆಯ ಸಲ ಹೇಳಿದ ದಿನ — ಆ ದಿನದ ಬಗ್ಗೆ ನಿಧಾನವಾಗಿ ಬರೆಯಬೇಕು.

ಸಂಜೆ ಆಟ ಮುಗಿದಿತ್ತು. ಜಗಲಿಯ ಮೇಲೆ ಹನ್ನೆರಡು ಹುಡುಗಿಯರು ಕಾಲು ಚಾಚಿ ಕೂತಿದ್ದರು. ಚಂದನಾಳ ಸರದಿ ಬಂದಾಗ ಅವಳು ಮೆಲ್ಲಗೆ, ಇವತ್ತು ಪಾದ ತಣ್ಣಗಾಗಿತ್ತು ಸಾರ್ ಎಂದಳು. ಬೆರಳಿಟ್ಟೆ. ನಾಡಿ ಚೆನ್ನಾಗಿತ್ತು. ಉಳುಕು ಇನ್ನೂ ಇದೆಯೋ ಎಂದು ನೋಡಲು, ಮಂಡಿ ನೆಟ್ಟಗಿಟ್ಟುಕೊಂಡು ಮುಂಗಾಲಿನಿಂದ ನನ್ನ ಅಂಗೈಯನ್ನು ಒತ್ತು ಎಂದೆ. ಒತ್ತಿದಳು. ನನ್ನ ಇನ್ನೊಂದು ಕೈಯ ಎರಡು ಬೆರಳು ಪಾದದ ಮೇಲೇ ಇತ್ತು. ಅದರ ಕೆಳಗೆ — ಏನೂ ಇಲ್ಲ. ಬೆರಳು ಜಾರಿರಬೇಕು ಎಂದುಕೊಂಡೆ. ಕಾಲು ಸಡಿಲ ಬಿಡು ಎಂದೆ. ನಾಡಿ ಬಂತು. ಒತ್ತು ಎಂದೆ. ಹೋಯಿತು. ಮತ್ತೆ ಸಡಿಲ, ಮತ್ತೆ ಬಂತು. ಮತ್ತೆ ಒತ್ತಿಸಿದೆ. ನೀರಿನ ಪೈಪನ್ನು ಯಾರೋ ತುಳಿದು ನಿಂತ ಹಾಗೆ ನಿಂತುಬಿಟ್ಟಿತು. ಬಲಗಾಲಿನಲ್ಲೂ ನೋಡಿದೆ, ಅಲ್ಲಿ ಒತ್ತಿದರೂ ಬಿಟ್ಟರೂ ಒಂದೇ ಸಮ.

ನಮ್ಮಪ್ಪನ ಗರಡಿಯಲ್ಲಿ, ನನ್ನ ಜಗಲಿಯ ಮೇಲೆ, ಎಷ್ಟು ಕಾಲು ಮುಟ್ಟಿದ್ದೆನೋ. ಇಂಥದ್ದು ಎಂದೂ ಕಂಡಿರಲಿಲ್ಲ. ಇದು ಉಳುಕಲ್ಲ, ಸೋಮಾರಿತನವಲ್ಲ, ಒಳಗೆ ಏನೋ ರಕ್ತವನ್ನು ತಡೆಯುತ್ತಿದೆ ಎಂದು ಆ ಕ್ಷಣದಲ್ಲೇ ನನಗೆ ತಿಳಿಯಿತು. ತಿಳಿಯಿತು ಎನ್ನುವ ಮಾತನ್ನು ಬೇಕೆಂದೇ ಬರೆದಿದ್ದೇನೆ. ಅನುಮಾನ ಬಂತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

"ಏನ್ ಸಾರ್?" ಎಂದಳು ಚಂದನಾ. ನನ್ನ ಮುಖ ನೋಡುತ್ತಿದ್ದಳು. ಬೆರಳು ಇನ್ನೂ ಅವಳ ಪಾದದ ಮೇಲಿರುವಾಗಲೇ, ಹನ್ನೊಂದು ಹುಡುಗಿಯರ ಎದುರಿಗೆ ನಾನು ಹೇಳಿದೆ:

"ಕಾಲ್ಗೇನೂ ಆಗಿಲ್ಲ ಕಣವ್ವ. ಮೈಗಳ್ಳತನ ಇದು."

ಯಾರೋ ಕಿಸಕ್ಕೆಂದರು. ಅವಳು ಕಾಲು ಎಳೆದುಕೊಂಡಳು.

ಯಾಕೆ ಹಾಗೆ ಹೇಳಿದೆ? ಹುಣಸೂರಿನಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಹನ್ನೊಂದು ದಿನ ಉಳಿದಿತ್ತು, ಅದು ಒಂದು. ಆದರೆ ಅದೇ ದೊಡ್ಡದಲ್ಲ. ಆ ಕಾಲು ನನ್ನದು ಎಂದು ಹೇಳಿಕೊಂಡು ತಿರುಗಿದ್ದೆನಲ್ಲ — ನಾನು ಕಟ್ಟಿದ ಕಾಲಿನೊಳಗೆ, ನಾನು ಬೆಳೆಸಿದ ಮಾಂಸದ ಕೆಳಗೆ ದೋಷವಿದೆ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ನಮ್ಮಪ್ಪನಿಗೆ ಗೊತ್ತಿಲ್ಲದ ನಾಡಿ ಒಂದು ಇದೆ ಎಂದು ಒಪ್ಪಲೂ ಆಗಲಿಲ್ಲ. ಡಾಕ್ಟರ ಬಳಿ ಹೋದರೆ, ಮರಳಿನ ಚೀಲ ಹೊರಿಸಿದ್ದು ಯಾರು ಎಂದು ಮೊದಲು ಕೇಳುತ್ತಾರೆ ಎಂದೂ ಹೊಳೆಯಿತು. ಇಷ್ಟೆಲ್ಲ ಒಂದು ಉಸಿರಿನಲ್ಲಿ ಹೊಳೆಯಿತು. ಇವು ಕಾರಣಗಳು. ಕಾರಣ ಎಂದು ಹೇಳುತ್ತಿದ್ದೇನೆ, ಸಮಾಧಾನ ಎಂದಲ್ಲ.

ಮಾರನೆಯ ದಿನದಿಂದ ಚಂದನಾ ಕಾಲಿನ ಮಾತೇ ಎತ್ತಲಿಲ್ಲ. ನೋವು ಹೋಯಿತೆಂದು ನಾನು ನಂಬಲಿಲ್ಲ, ನಂಬಿದಂತೆ ಇದ್ದೆ. ಜಗಲಿಯ ಸಾಲಿನಲ್ಲಿ ಅವಳ ಬಲಗಾಲನ್ನಷ್ಟೇ ಮುಟ್ಟಿ ಮುಂದೆ ಹೋಗುತ್ತಿದ್ದೆ. ಹುಣಸೂರಿನಲ್ಲಿ ಅವಳು ಆಯ್ಕೆಯಾದಳು. ಚೇಸಿಂಗ್‌ನಲ್ಲಿ ಅವಳ ಮುಂದೆ ಯಾರೂ ನಿಲ್ಲಲಿಲ್ಲ. ಆ ಆಟ ನೆನೆದರೆ ಈಗಲೂ ನನಗೆ ಮೈ ಜುಂ ಎನ್ನುತ್ತದೆ. ಮೂರನೆಯ ಸುತ್ತಿನಿಂದ ಆಚೆಗೆ ಆ ಹುಡುಗಿ ಓಡಿದ್ದು ರಕ್ತವೇ ಸರಿಯಾಗಿ ಹರಿಯದ ಕಾಲಿನಲ್ಲಿ. ಸಮಾರಂಭದಲ್ಲಿ ನನ್ನನ್ನೂ ವೇದಿಕೆಗೆ ಕರೆದರು. ಹೋದೆ.

ಹತ್ತನೇ ಕ್ಲಾಸಿನ ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳು ಮೈದಾನದ ನಡುವೆ ಕೂತುಬಿಟ್ಟಳು. ಅವಳಾಗಿ ಕೂತದ್ದಲ್ಲ, ಕಾಲು ಕೂರಿಸಿತು. ಶೂ ಬಿಚ್ಚಿದರೆ ಪಾದ ಸುಣ್ಣದ ಹಾಗೆ ಬೆಳ್ಳಗಿತ್ತು, ಬೆರಳ ತುದಿ ನೀಲಿಗೆ ತಿರುಗಿತ್ತು. ಐದು ನಿಮಿಷ ಕೂತಳು, ಹತ್ತು ನಿಮಿಷ ಕೂತಳು, ಸರಿಹೋಗಲಿಲ್ಲ. ನಾನು ಅವಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದೆ. ಹೊಗೆಸೊಪ್ಪಿನ ಮೂಟೆ ಇಳಿಸಿ ಬರುತ್ತಿದ್ದ ಗಾಡಿಯೊಂದನ್ನು ನಿಲ್ಲಿಸಿ, ದಾರಿಯಲ್ಲಿ ಜಯಮ್ಮನನ್ನು ಹತ್ತಿಸಿಕೊಂಡು, ಮೈಸೂರಿನ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದೆ. ಕಾಲು ಉಳಿಸಿದ ಕಥೆ ಎಂದು ಊರಿನವರು ಹೇಳುವುದು ಈ ಎರಡು ಗಂಟೆಯ ಕಥೆಯನ್ನು. ಅದರಲ್ಲಿ ಸುಳ್ಳಿಲ್ಲ. ಅದರ ಹಿಂದಿನ ಹತ್ತು ತಿಂಗಳು ಅದರಲ್ಲಿ ಇಲ್ಲ, ಅಷ್ಟೇ.

ರಕ್ತನಾಳಗಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು, ಸಣ್ಣ ವಯಸ್ಸಿನವರು. ಒಂದು ಪುಟ್ಟ ಯಂತ್ರವನ್ನು ಚಂದನಾಳ ಎರಡೂ ಕಾಲಿಗೆ ಇಟ್ಟು, ರಕ್ತ ಹರಿಯುವ ಸದ್ದು ಕೇಳಿಸಿದರು. ಎಡಗಾಲಿನದು ಕ್ಷೀಣವಾಗಿತ್ತು. ಮಂಡಿ ನೆಟ್ಟಗಿಟ್ಟು ಮುಂಗಾಲು ಒತ್ತಮ್ಮ ಎಂದರು. ಸುಂಯ್, ಸುಂಯ್ ಎನ್ನುತ್ತಿದ್ದ ಆ ಸದ್ದು ಫಕ್ಕನೆ ನಿಂತಿತು. ನನ್ನ ಜಗಲಿಯ ಮೇಲೆ ನಾನು ಮಾಡಿಸಿದ್ದೂ ಅದೇ. ನನ್ನ ಬೆರಳು ಕಂಡದ್ದನ್ನು ಆ ಯಂತ್ರ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುತ್ತಿತ್ತು.

ಆಮೇಲೆ ಸ್ಕ್ಯಾನ್ ಮಾಡಿ, ಪಟ ತೋರಿಸಿ ನಮಗೆ ಅರ್ಥವಾಗುವಂತೆ ವಿವರಿಸಿದರು. ಮಂಡಿಯ ಹಿಂದಿನ ಗುಳಿಯಲ್ಲಿ ದೊಡ್ಡ ರಕ್ತನಾಳ ಇಳಿಯುತ್ತದೆ. ಕೆಲವರಿಗೆ ಹುಟ್ಟುವಾಗಲೇ ಮೀನಖಂಡದ ಒಂದು ಪಟ್ಟಿ ಇರಬೇಕಾದ ಜಾಗ ಬಿಟ್ಟು ಆ ನಾಳದ ಮೇಲೆ ಅಡ್ಡ ಬಂದಿರುತ್ತದೆ. ಸುಮ್ಮನೆ ಓಡಾಡುವವರಿಗೆ ತಿಳಿಯುವುದೇ ಇಲ್ಲ. ಆಟ ಆಡಿ ಮಾಂಸ ಬೆಳೆದಂತೆ ಅದು ನಾಳವನ್ನು ಅಮುಕುತ್ತದೆ. ಎಳೆಯ ವಯಸ್ಸಿನ ಆಟಗಾರರಲ್ಲೇ ಇದು ಕಾಣುವುದು; ಉಳುಕು, ಸೆಳೆತ ಎಂದು ಎಲ್ಲರೂ ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ. ನಾಡಿ ಹೀಗೆ ನಿಂತವರಿಗೆಲ್ಲ ರೋಗವಿರುತ್ತದೆ ಎಂದಲ್ಲ, ನೋವೇ ಇಲ್ಲದ ಕೆಲವರಿಗೂ ಒತ್ತಿದಾಗ ನಿಲ್ಲುವುದುಂಟು. ಆದರೆ ಓಡಿದರೆ ನೋವು, ಕೂತರೆ ಇಲ್ಲ, ಜೊತೆಗೆ ನಾಡಿಯೂ ನಿಲ್ಲುತ್ತದೆ ಎಂದಾದರೆ ತಕ್ಷಣ ತೋರಿಸಬೇಕು. ಮೊದಲೇ ಬಂದಿದ್ದರೆ ಆ ಪಟ್ಟಿಯನ್ನು ಬಿಡಿಸಿದರೆ ಸಾಕಿತ್ತು, ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಓಡಬಹುದಿತ್ತು. ಈಗ ನಾಳದ ಒಳಗೋಡೆಯೇ ಕೆಟ್ಟು ಕಟ್ಟಿಕೊಂಡಿದೆ. ಅಷ್ಟು ಭಾಗ ಬಿಟ್ಟು, ತೊಡೆಯಿಂದ ಬೇರೆ ನಾಳ ತೆಗೆದು ಜೋಡಿಸಬೇಕು.

ಇಷ್ಟು ಹೇಳಿ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಮೊದ್ಲೇ ಯಾರಾದ್ರೂ ಈ ಕಾಲಿನ ನಾಡಿ ನೋಡಿದ್ರಾ? ಹುಡುಗಿ ನೋವು ಅಂತ ಹೇಳಿದ್ಲಾ?"

ಮಂಚದ ಮೇಲೆ ಚಂದನಾ. ಅವಳ ತಲೆಯ ಹತ್ತಿರ ಜಯಮ್ಮ. ಬಾಗಿಲ ಬಳಿ ನಾನು. ಎರಡು ಪ್ರಶ್ನೆಗೂ ಉತ್ತರ ಒಂದೇ ಆಗಿತ್ತು, ಒಂದೇ ಪದ, ಹೌದು ಎಂದರೆ ಮುಗಿಯುತ್ತಿತ್ತು.

"ಇಲ್ಲ ಮೇಡಂ," ಎಂದೆ. "ಹುಡ್ಗಿ ನಮ್ಗೆ ಹೇಳ್ಲೇ ಇಲ್ಲ."

ಹೇಳಿ ತಲೆ ತಗ್ಗಿಸಿದೆ. ಚಂದನಾ ಈಗ ನಿಜ ಹೇಳಿಬಿಡುತ್ತಾಳೆ ಎಂದು ಕಾದೆ. ಹೇಳಲಿ ಎಂದೂ ಅನ್ನಿಸಿತು — ಹೌದು, ಆ ಕ್ಷಣ ಹಾಗೂ ಅನ್ನಿಸಿತು.

"ಹೂಂ ಮೇಡಂ," ಎಂದಳು ಆ ಹದಿನಾರು ವರ್ಷದ ಹುಡುಗಿ. "ನಾನೇ ಯಾರ್ಗೂ ಹೇಳಿರ್ಲಿಲ್ಲ."

ಆಪರೇಷನ್ ಚೆನ್ನಾಗಿ ಆಯಿತು. ವಾರ ಕಳೆಯುವಷ್ಟರಲ್ಲಿ ಕೋಲು ಹಿಡಿದು ನಡೆದಳು, ಪರೀಕ್ಷೆ ಬರೆದು ಪಾಸಾದಳು, ಮುಂದಿನ ವರ್ಷ ನಿಧಾನಕ್ಕೆ ಓಡಲೂ ಓಡಿದಳು. ಆದರೆ ಕಂಬದ ಬಳಿ ಮೈ ಚೆಲ್ಲುವ ಆ ತಿರುಗು ಮತ್ತೆ ಬರಲಿಲ್ಲ. ಅವಳು ರಾಜ್ಯ ತಂಡಕ್ಕೆ ಹೋಗುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೋಗುತ್ತಿದ್ದಳು. ಮೂವತ್ತೊಂದು ವರ್ಷ ಕಾಲು ನೋಡಿದವನು ಹೇಳುತ್ತಿದ್ದೇನೆ, ಹೋಗುತ್ತಿದ್ದಳು.

ಆ ವರ್ಷ ಶಿಕ್ಷಕರ ದಿನಾಚರಣೆಯಲ್ಲಿ ನನಗೆ ಶಾಲು ಹೊದೆಸಿದರು. ಅತ್ತ ಜಯಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ, ಮೇಷ್ಟ್ರು ದೇವರ ಹಾಗೆ ಬಂದರು, ನನ್ನ ಮಗಳೇ ಬಾಯಿ ಬಿಡದೆ ಕಾಲು ಕಳೆದುಕೊಳ್ಳುತ್ತಿದ್ದಳು ಎಂದು ಹೇಳುತ್ತಿದ್ದಳು. ಮನೆಯಲ್ಲಿ ಮಗಳಿಗೆ ತಲೆನೋವು ಬಂದರೂ, ಜ್ವರ ಬಂದರೂ ಅದೇ ಬೈಗುಳ: ಬಚ್ಚಿಡುವವಳು, ಕಳ್ಳಬುದ್ಧಿಯವಳು. ಚಂದನಾ ಎದುರಾಡುತ್ತಿರಲಿಲ್ಲವಂತೆ.

ನಾನು ಸುಮ್ಮನೆ ಕೂರಲಿಲ್ಲ. ಡಾಕ್ಟರಮ್ಮನ ಬಳಿ ಮೂರು ಸಲ ಹೋಗಿ ಕಲಿತೆ. ಮರಳಿನ ಚೀಲವನ್ನು ಖಾಲಿ ಮಾಡಿದೆ. ಪ್ರತಿ ವರ್ಷ, ಪ್ರತಿ ಮಗುವಿನ ಎರಡೂ ಪಾದದ ನಾಡಿಯನ್ನು ಸಡಿಲ ಬಿಟ್ಟೂ ಒತ್ತಿಸಿಯೂ ನೋಡುತ್ತಿದ್ದೆ. ಹಾಗೆ ನೋಡಿ ಮೈಸೂರಿಗೆ ಕಳಿಸಿದವರಲ್ಲಿ ಒಬ್ಬಳು ಕಬಡ್ಡಿ ಆಡುವವಳು, ಒಬ್ಬ ಓಟಗಾರ — ಇಬ್ಬರದೂ ಇದೇ ತೊಂದರೆ, ಇಬ್ಬರಿಗೂ ಪಟ್ಟಿ ಬಿಡಿಸಿದ್ದರಲ್ಲೇ ಸರಿಹೋಯಿತು, ಇಬ್ಬರೂ ಮತ್ತೆ ಆಡಿದರು. ಅದಕ್ಕೆ ನನಗೆ ಹೆಮ್ಮೆಯಿದೆ, ಇರಬೇಕು ಕೂಡ. ಆ ಹೆಮ್ಮೆಯಿಂದ ಹಳೆಯದು ತೀರಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಇಬ್ಬರು ಮಕ್ಕಳು ಚಂದನಾ ಅಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬಬಾರದು.

ಚಂದನಾ ಈಗ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಹತ್ತಿರ ಒಂದು ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಕೊರಳಲ್ಲಿ ಸೀಟಿ, ತಲೆಗೆ ಟೋಪಿ. ಕೆಲಸ ಸಿಕ್ಕ ದಿನ ಮೊದಲ ಫೋನು ನನಗೇ ಮಾಡಿದ್ದಳು. ಈ ವರ್ಷ ಶಾಲೆ ಶುರುವಾದ ಮೇಲೆ, ಮಕ್ಕಳ ಕಾಲಿನ ನಾಡಿ ನೋಡುತ್ತಿದ್ದೇನೆ, ನೀವು ಬಂದು ನಿಲ್ಲಬೇಕು ಸಾರ್ ಎಂದು ಕರೆದಳು. ರಿಟೈರಾದ ಮೇಲೆ ಅಷ್ಟು ಸಂತೋಷದಿಂದ ನಾನು ಬಸ್ಸು ಹತ್ತಿರಲಿಲ್ಲ.

ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕಾಲು ಚಾಚಿ ಕೂತಿದ್ದರು. ನಮ್ಮಪ್ಪನ ಗರಡಿ ಅಲ್ಲಿಯವರೆಗೆ ಬಂದಿತ್ತು. ಚಂದನಾ ಟ್ರ್ಯಾಕ್‌ಪ್ಯಾಂಟನ್ನು ಮಂಡಿಯವರೆಗೆ ಮಡಿಸಿ, ಹಿಂದಕ್ಕೆ ತಿರುಗಿ ಗಾಯದ ಗುರುತು ತೋರಿಸಿದಳು. ನೋಡಿ, ನಾನು ನೋವನ್ನು ಹೇಳದೆ ಮುಚ್ಚಿಟ್ಟೆ, ಅದಕ್ಕೇ ಇಷ್ಟಾಯಿತು, ನೀವು ಮುಚ್ಚಿಡಬೇಡಿ, ಎಂದಳು. ಎಷ್ಟೋ ಸಲ ಹೇಳಿ ಪಳಗಿದ ಮಾತಿನಂತೆ ಸಲೀಸಾಗಿ ಹೇಳಿದಳು. ಆಗ ಸಾಲಿನ ಕೊನೆಯಲ್ಲಿದ್ದ ಒಬ್ಬಳು ಏಳನೇ ಕ್ಲಾಸಿನ ಹುಡುಗಿ ಕೈಯೆತ್ತಿದಳು.

"ಹೇಳುದ್ರೆ ಬೈದ್ರೆ ಮಿಸ್?"

ಚಂದನಾ ನಕ್ಕು ನನ್ನ ಕಡೆ ಕೈ ತೋರಿಸಿದಳು. "ಇವ್ರೇ ನಮ್ ಮೇಷ್ಟ್ರು. ಇವ್ರನ್ನ ನೋಡುದ್ರೆ ಬೈಯೋರ ಥರ ಕಾಣ್ತಾರಾ?"

ಮಕ್ಕಳೆಲ್ಲ ನನ್ನನ್ನು ನೋಡಿದರು. ನಾನು ಮುಗುಳ್ನಕ್ಕೆ. ನಕ್ಕೆನಲ್ಲ — ಅದೇ ಕೊನೆಯದು, ಆಮೇಲೆ ನನ್ನಿಂದ ಆಗಲಿಲ್ಲ. ಇಷ್ಟು ದಿನ ನನ್ನ ಸುಳ್ಳು ಒಬ್ಬಳ ಮೇಲಿತ್ತು. ಈಗ ಅವಳು ಅದನ್ನು ಪಾಠ ಮಾಡಿ ಅರವತ್ತು ಮಕ್ಕಳಿಗೆ ಕಲಿಸುತ್ತಿದ್ದಳು: ತಪ್ಪು ಹೇಳದ ಮಗುವಿನದು ಎಂದು. ಆ ಹುಡುಗಿ ಕೇಳಿದ್ದೇ ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರವಾಗಿ ನನ್ನನ್ನು ತೋರಿಸಲಾಗಿತ್ತು.

ಮಕ್ಕಳು ಊಟಕ್ಕೆ ಹೋದ ಮೇಲೆ ಆ ಜಗಲಿಯ ಮೇಲೇ ಕೂತು ಅವಳಿಗೆ ಹೇಳಿದೆ. ನೋವಿನ ವಿಷಯ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಬೆರಳಿನ ವಿಷಯ. ಮೂರು ಸಲ ನಿಂತದ್ದು, ಬಲಗಾಲಿನಲ್ಲಿ ಹೋಲಿಸಿ ನೋಡಿದ್ದು, ತಿಳಿದೇ ಮೈಗಳ್ಳತನ ಎಂದದ್ದು, ಆಮೇಲೆ ಹತ್ತು ತಿಂಗಳು ಎಡಗಾಲನ್ನು ಮುಟ್ಟದೆ ದಾಟಿದ್ದು. ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

ಆಸ್ಪತ್ರೆಯಲ್ಲಿ ನೀನು ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

"ನೀವು ತಲೆ ತಗ್ಸಿದ್ನ ಅದೇ ಮೊದ್ಲು ನಾನು ನೋಡಿದ್ದು ಸಾರ್. ನೋಡಕ್ಕಾಗ್ಲಿಲ್ಲ," ಎಂದಳು. ಟೋಪಿಯ ಅಂಚನ್ನು ತಿರುಗಿಸುತ್ತ, "ಮೇಷ್ಟ್ರಿಗೆ ಗೊತ್ತಾಗ್ಲಿಲ್ಲ, ಪಾಪ, ಅನ್ಕಂಡಿದ್ದೆ. ಗೊತ್ತಾಗಿತ್ತಾ ನಿಮ್ಗೆ?"

ಗೊತ್ತಾಗಿತ್ತು ಎಂದೆ. ಅವಳು ಮೈದಾನದ ಕಡೆ ಮುಖ ತಿರುಗಿಸಿದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು ಎನ್ನಿಸಿದ್ದು ನನ್ನ ಸ್ವಾರ್ಥ.

"ನಂಗೆ ಹೇಳುದ್ರಲ್ಲ, ಆಯ್ತು. ನಮ್ಮವ್ವಂಗೆ ಹೇಳಿ ಸಾರ್. ನೀವೇ ಹೋಗಿ ಹೇಳಿ," ಎಂದು ಎದ್ದಳು. ಯಾವಾಗಲೂ ಹ್ಯಾಂಡ್‌ಪೋಸ್ಟಿನವರೆಗೆ ಬಂದು ಬಸ್ಸು ಹೊರಡುವವರೆಗೆ ನಿಲ್ಲುವವಳು ಆ ದಿನ ಗೇಟಿನವರೆಗೂ ಬರಲಿಲ್ಲ.

ಹಾರನಹಳ್ಳಿ ಕಡೆಗೆ ಮಾರನೆಯ ದಿನವೇ ಹೋದೆ. ಜಯಮ್ಮ ಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್ನಿನ ಮುಂದೆ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ದೇವರೇ ಬಂದಂತೆ ಎದ್ದು ಚಾಪೆ ಹಾಕಿದಳು. ನಾನು ಕೂರದೆ, ನಿಂತೇ ಹೇಳಿದೆ. ಅವಳ ಕೈ ಸೊಪ್ಪಿನ ಅಂಟಿನಿಂದ ಕಪ್ಪಾಗಿತ್ತು. ಆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು, ಹೋಗದ ಅಂಟು ಅದು.

"ಒಂಬತ್ ವರ್ಸ ಬೈದಿವ್ನಿ ಮೇಷ್ಟ್ರೇ ಅವಳ್ನ," ಎಂದಳು. "ಕಳ್ಳಿ ಅಂತ."

ಮತ್ತೆ ಕಡ್ಡಿ ಎತ್ತಿಕೊಂಡಳು. ನಾನು ಹೊರಟೆ. ಚಾಪೆ ಹಾಗೇ ಹಾಸಿತ್ತು.

ಎರಡು ವಾರದ ಮೇಲೆ ಚಂದನಾಳ ಫೋನು ಬಂತು. ಸೋಮವಾರ ಮಕ್ಕಳ ಮುಂದೆ ಬರುತ್ತೀರಾ ಎಂದು ಕೇಳಿದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಶಾಲು ಬೇಡವೆಂದು ಮನೆಯಲ್ಲೇ ಬಿಟ್ಟು ಹೋದೆ.

ಅದೇ ಜಗಲಿ, ಅದೇ ಅರವತ್ತು ಮಕ್ಕಳು. ಚಂದನಾ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಸೀಟಿಯನ್ನು ಕೊರಳಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದಿದ್ದಳು.

"ಹೋದ್ಸಲ ನಾನು ನಿಮ್ಗೆ ಸುಳ್ ಹೇಳಿದ್ದೆ," ಎಂದು ಶುರು ಮಾಡಿದಳು. "ನಾನು ನೋವು ಮುಚ್ಚಿಡ್ಲಿಲ್ಲ. ಹೇಳಿದ್ದೆ. ನಾಲ್ಕ್ ಸಲ ಹೇಳಿದ್ದೆ. ನಮ್ ಮೇಷ್ಟ್ರು ನನ್ ಕಾಲು ಮುಟ್ಟಿ ನೋಡಿ, ಗೊತ್ತಿದ್ದೂ, ಮೈಗಳ್ಳಿ ಅಂದ್ರು. ನಿಮ್ ಮೇಷ್ಟ್ರು ಕೇಳ್ಲಿಲ್ಲ ಅಂದ್ರೆ ಇನ್ನೊಬ್ರಿಗೆ ಹೇಳಿ. ನಾನು ಕೇಳ್ಲಿಲ್ಲ ಅಂದ್ರೆ ನನ್ನ ದಾಟ್ಕಂಡು ಹೋಗಿ ಹೇಳಿ. ಯಾರಾದ್ರೂ ಕೇಳೋವರ್ಗೂ ಹೇಳಿ."

ಏಳನೇ ಕ್ಲಾಸಿನ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಈ ಸಲ ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಚಂದನಾ ಮತ್ತೆ ನನ್ನನ್ನು ಉಳಿಸಲು ಹೋಗುತ್ತಾಳೇನೋ ಎಂದು ಭಯವಾಯಿತು. ಮತ್ತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ — ನನಗೆ ಹೆಮ್ಮೆಯಾಯಿತು. ಹುಣಸೂರಿನ ಮೈದಾನದಲ್ಲೂ ಆಗದಷ್ಟು ಹೆಮ್ಮೆ. ನನ್ನ ಶಿಷ್ಯೆ ನನ್ನ ಪಕ್ಕದಲ್ಲೇ ನಿಂತು ನನ್ನ ತಪ್ಪನ್ನು ಅಳುಕದೆ ಹೇಳುತ್ತಿದ್ದಳು. ಆ ಧೈರ್ಯ ನಾನು ಕಲಿಸಿದ್ದಲ್ಲ, ಕಂಬದ ಬಳಿಯ ಆ ತಿರುಗಿನ ಹಾಗೆ ಅದೂ ಅವಳದೇ.

ಆಮೇಲೆ ಅವಳು ನನ್ನ ಕಡೆ ತಿರುಗಿ, "ಸಾರ್, ಚಪ್ಲಿ ಬುಡಿ. ಕೂತ್ಕಳಿ," ಎಂದಳು.

ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕಾಲು ಚಾಚಿ ಕೂತೆ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ನನ್ನ ಪಾದದ ಮೇಲೆ ಎರಡು ಬೆರಳು ಇಡಿಸಿ, ನಾಡಿ ಎಲ್ಲಿ ಸಿಗುತ್ತದೆಂದು ಕಲಿಸತೊಡಗಿದಳು. ಮಂಡಿ ನೆಟ್ಟಗೆ, ಒತ್ತಿ, ಬಿಡಿ, ಒತ್ತಿ, ಎಂದು ನನಗೆ ಹೇಳುತ್ತಿದ್ದಳು. ನಾನು ಹಾಗೇ ಮಾಡುತ್ತಿದ್ದೆ. ಏಳನೇ ಕ್ಲಾಸಿನವಳ ಸರದಿ ಬಂದಾಗ ಅವಳಿಗೆ ನಾಡಿ ಸಿಗಲಿಲ್ಲ. ಬೆರಳನ್ನು ಅಲ್ಲಿ ಇಲ್ಲಿ ಸರಿಸಿದಳು. ಸಿಕ್ಕಿತು ಎಂದು ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು, ಹಿಂದೆ ಸಾಲು ಕಾಯುತ್ತಿತ್ತು.

"ಸಿಕ್ತಿಲ್ಲ ಮಿಸ್," ಎಂದಳು.

ಚಂದನಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಸರವಿಲ್ಲ, ಸಿಗುವವರೆಗೂ ನೋಡು ಎಂದಳು. ನಾನು ಕಾಲು ಅಲ್ಲಾಡಿಸದೆ ಕೂತಿದ್ದೆ.